ಜವರಮ್ಮನ ಹೆಸರಿನ ಮುಂದೆ ನಾನು ಬರೆದ ‘ಸರಾಗ’

೧೯೪೩ರಲ್ಲಿ ನಾನು ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಯಸ್ಕರ ಶಿಕ್ಷಣ ಕೇಂದ್ರದ ಶಿಕ್ಷಕಿಯಾಗಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಹಳ್ಳಿಯ ಹೆಸರು ಬೇಡ. ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ಪಟ್ಟಣದಿಂದ ಅರಕಲಗೂಡಿನ ಕಡೆಗೆ ನಾಲ್ಕು ಮೈಲಿ ನಡೆದರೆ ಸಿಗುತ್ತಿತ್ತು. ಯುದ್ಧಕಾಲವಾದ್ದರಿಂದ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಪಟ್ಟಣಕ್ಕೆ ಹೋಗಿಬರಬೇಕಾದರೆ ನಾನು ಹೆಚ್ಚಾಗಿ ನಡೆದೇ ಹೋಗುತ್ತಿದ್ದೆ.

ನನ್ನದು ಖಾಯಂ ಹುದ್ದೆಯಲ್ಲ. ಎರಡು ವರ್ಷ ಪರೀಕ್ಷಾರ್ಥ ಕೆಲಸ, ಆಮೇಲೆ ಮೇಲಿನವರಿಗೆ ಒಪ್ಪಿಗೆಯಾದರೆ ಖಾಯಂ. ಅಪ್ಪ ತೀರಿಕೊಂಡಿದ್ದರು. ಚನ್ನರಾಯಪಟ್ಟಣದಲ್ಲಿ ಅಮ್ಮ ಮತ್ತು ಇಬ್ಬರು ತಂಗಿಯರು ನನ್ನ ದುಡಿಮೆಯನ್ನೇ ನೆಚ್ಚಿಕೊಂಡಿದ್ದರು. ಇದನ್ನು ಮೊದಲೇ ಹೇಳುತ್ತಿರುವುದು ಅನುಕಂಪಕ್ಕಲ್ಲ. ಮುಂದೆ ನಾನು ಮಾಡಿದ್ದಕ್ಕೆ ಇದೊಂದೇ ಕಾರಣ, ಮತ್ತು ಆ ಕಾರಣ ಸಾಲದು.

ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಹೆಂಗಸರ ತರಗತಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಊಟ ಮುಗಿದು, ದನ ಮನೆಗೆ ಬರುವುದಕ್ಕೆ ಮುಂಚೆ ಅವರಿಗೆ ಸಿಗುತ್ತಿದ್ದ ಬಿಡುವು ಅಷ್ಟೇ. ಪಟೇಲರ ಹಳೇ ಮನೆಯ ಜಗಲಿ ನಮ್ಮ ಶಾಲೆ. ಒಂದು ಗಂಟೆ ಅಕ್ಷರ, ಒಂದು ಗಂಟೆ ಹಾಡು, ಕಸೂತಿ, ಕೋಲಾಟ. ಯಾರು ಬೇಕಾದರೂ ಬರಬಹುದು, ಏನೂ ಬಾರದವರು ಮೊದಲು ಬರಬೇಕು ಎಂದು ನಾನೇ ಮನೆಮನೆಗೆ ಹೋಗಿ ಹೇಳಿದ್ದೆ. ಹನ್ನೊಂದು ಜನ ಬಂದರು. ಕಾಗದದ ಬರ ಬೇರೆ. ಹನ್ನೊಂದು ಜನಕ್ಕೆ ಮೂರು ಪಾಠಪುಸ್ತಕ.

ಆ ಮೂರರಲ್ಲಿ ಒಂದನ್ನು ಒಂದು ದಿನ ಪಟೇಲರ ಮನೆಯ ಆಡು ಎಳೆದುಕೊಂಡಿತು. ನಾವು ಕಿತ್ತುಕೊಳ್ಳುವಷ್ಟರಲ್ಲಿ ಏಳನೇ ಪಾಠದ ಪುಟದ ಕೆಳಭಾಗ ಅದರ ಹೊಟ್ಟೆಯಲ್ಲಿತ್ತು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. “ನಮಗಿಂತ ಮುಂಚೇನೆ ಅದು ಪಾಸಾಯ್ತು ಕಣವ್ವ” ಎಂದಳು ಒಬ್ಬಳು. ಏಳನೇ ಪಾಠ ಐದೇ ಸಾಲಿನದು. ಮಳೆ ಬಂತು. ಕೆರೆ ತುಂಬಿತು. ಎತ್ತು ಬಂತು. ನೇಗಿಲು ಬಂತು. ಗದ್ದೆ ನಮ್ಮದು. ಆಡು ತಿಂದದ್ದು ಕೊನೆಯ ಸಾಲನ್ನು. ಆ ಪುಸ್ತಕ ಕೈಗೆ ಬಂದವರು ಆ ಸಾಲನ್ನು ನೆನಪಿನಿಂದ ಹೇಳುತ್ತಿದ್ದರು, ನಾನೂ ಸುಮ್ಮನಿರುತ್ತಿದ್ದೆ.

ಆ ಮಾತು ಅಂದವಳ ಹೆಸರು ಜವರಮ್ಮ. ನಲವತ್ತರ ಆಸುಪಾಸಿನ ವಿಧವೆ, ಮಕ್ಕಳಿಲ್ಲ. ಗಂಡ ಬದುಕಿದ್ದಾಗಲೇ ಅಣ್ಣತಮ್ಮಂದಿರಲ್ಲಿ ಆಸ್ತಿ ಪಾಲಾಗಿತ್ತು. ಅವಳ ಗಂಡನ ಪಾಲಿಗೆ ಬಂದಿದ್ದ ಎರಡು ಎಕರೆ ಗದ್ದೆ, ಹಿಂದೆ ಹಿತ್ತಿಲಿದ್ದ ಒಂದು ಸಣ್ಣ ಮನೆ, ಇಷ್ಟು ಅವಳ ಬದುಕು. ಪಕ್ಕದ ಮನೆಯಲ್ಲಿ ಮೈದುನ ಬೋರೇಗೌಡ ಇದ್ದ. ಅವನ ಎತ್ತುಗಳೇ ಅವಳ ಗದ್ದೆಯನ್ನೂ ಉಳುತ್ತಿದ್ದವು.

ಜವರಮ್ಮ ಆ ಸುತ್ತಿನಲ್ಲೆಲ್ಲ ಹೆಸರಾದ ಹಾಡುಗಾತಿಯಾಗಿದ್ದಳಂತೆ. ಮದುವೆಯ ಸೋಬಾನೆಗೆ ಅವಳು ಬಾರದೆ ಹಸೆಗೆ ಕೂರಿಸುತ್ತಿರಲಿಲ್ಲವಂತೆ. ಗಂಡ ಸತ್ತ ದಿನದಿಂದ ಅದು ನಿಂತುಹೋಯಿತು. ವಿಧವೆ ಶುಭಕಾರ್ಯದಲ್ಲಿ ಬಾಯಿ ತೆರೆಯುವಂತಿಲ್ಲ. ಆರು ವರ್ಷ ಅವಳು ಗದ್ದೆಯಲ್ಲಿ ಕೂಡ ಗಟ್ಟಿಯಾಗಿ ಹಾಡಿರಲಿಲ್ಲ. ನಮ್ಮ ಜಗಲಿಗೆ ಬಂದ ಮೂರನೇ ದಿನ, “ಈ ಅಕ್ಸರಾನ ಆಡ್ಕಂಡ್ರೆ ತೆಪ್ಪಾಯ್ತದಾ ಮೇಷ್ಟ್ರಮ್ಮ?” ಎಂದು ಹೆದರುತ್ತಲೇ ಕೇಳಿದಳು. ಅಕ್ಷರ ಹಾಡಿದರೆ ಯಾವ ಶುಭಕ್ಕೂ ಧಕ್ಕೆಯಿಲ್ಲ ಎಂದೆ.

ಅವಳು ಒಂದೊಂದು ಪಾಠವನ್ನೂ ಸೋಬಾನೆಯ ಧಾಟಿಗೆ ಹೊಂದಿಸಿದಳು. ಉಳಿದವರು ಸೊಲ್ಲು ಹಿಡಿದರು. ತಿಂಗಳೊಳಗೆ ಹನ್ನೊಂದು ಜನಕ್ಕೂ ಪುಸ್ತಕ ಕಂಠಪಾಠ. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ನಾನು ಉಬ್ಬಿಹೋದೆ. ಹತ್ತು ಜನ ಹಾಡಿನ ಬೆನ್ನಿಗೆ ಅಕ್ಷರವನ್ನೂ ಹಿಡಿದುಕೊಂಡರು. ಜವರಮ್ಮ ಹಿಡಿಯಲಿಲ್ಲ. ಅವಳಿಗೆ ಹಾಡೇ ಸಾಕಾಗಿತ್ತು. ಪುಸ್ತಕವನ್ನು ಮುಂದೆ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತ ಒಂದಕ್ಷರ ತಪ್ಪದೆ ಹೇಳುವಳು. ಬೆರಳು ‘ಕೆರೆ’ಯ ಮೇಲಿದ್ದಾಗ ಬಾಯಿ ‘ನೇಗಿಲು’ ಎನ್ನುತ್ತಿತ್ತು. ನಾನು ಅದನ್ನು ನೋಡಿದ್ದೆ. ಬೈದು ತಿದ್ದಿದರೆ ಹಾಡು ನಿಂತೀತು, ಹಾಡು ನಿಂತರೆ ಅವಳು ಬರುವುದನ್ನೇ ಬಿಟ್ಟಾಳು ಎಂದು ಬಿಟ್ಟುಬಿಟ್ಟೆ. ಅವಳಿಗೆ ನಿಜವಾಗಿ ಬರೆಯಲು ಬಂದದ್ದು ಒಂದೇ: ಜ, ವ, ರ, ಮ್ಮ. ಆ ನಾಲ್ಕು ಅಕ್ಷರವನ್ನು ಗೋಡೆ, ಕಣಜ, ಒರಳುಕಲ್ಲು ಎಲ್ಲದರ ಮೇಲೂ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಳು.

೧೯೪೪ರ ಯುಗಾದಿಗೆ ಸ್ವಲ್ಪ ಮುಂಚೆ ಪರೀಕ್ಷೆ. ಪಟ್ಟಣದಿಂದ ಒಬ್ಬ ಅಧಿಕಾರಿ ಬಂದರು. ಒಬ್ಬೊಬ್ಬರೂ ಒಂದು ಪಾಠ ಓದಬೇಕು, ರುಜು ಹಾಕಬೇಕು. ಜವರಮ್ಮನ ಸರದಿ ಬಂದಾಗ ನಾನೇ ಏಳನೇ ಪಾಠ ತೆಗೆದುಕೊಟ್ಟೆ. ಅವಳು ಹೇಳಿದಳು, ಅಧಿಕಾರಿ ತಲೆದೂಗಿದರು. ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಷರಾ ಬರೆಯುವ ಅಂಕಣವಿರುತ್ತದೆ. ಶಿಕ್ಷಕಿ ತನ್ನ ಅಭಿಪ್ರಾಯವನ್ನು ಅಲ್ಲಿ ಕಾಣಿಸಿ ರುಜು ಮಾಡಬೇಕು. ‘ಸರಾಗವಾಗಿ ಓದುತ್ತಾರೆ’ ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಿತ್ತು. ರಾಗದ ಜೊತೆಗೇ ಓದುತ್ತಾಳಲ್ಲ, ಸರಾಗ ಅಂದರೆ ಅದೂ ಆಯಿತು ಎಂದು ನನಗೆ ನಾನೇ ತಮಾಷೆ ಮಾಡಿಕೊಂಡೆ. ಹನ್ನೊಂದಕ್ಕೆ ಹನ್ನೊಂದೂ ತೇರ್ಗಡೆಯಾದ ಕೇಂದ್ರ ಆ ಸಲ ನಮ್ಮದೊಂದೇ ಎಂದು ಅಧಿಕಾರಿ ಹೊಗಳಿದರು.

ಪ್ರಮಾಣಪತ್ರ ಕೈಗೆ ಕೊಡುವಾಗ ನಾನು ಎಲ್ಲರಿಗೂ ಒಂದು ಮಾತು ಹೇಳಿದೆ. “ಇನ್ನು ಮೇಲೆ ಯಾರ ಮುಂದೆಯೂ ಓದಲು ಬಾರದು ಅನ್ನಬೇಡಿ. ಹೆಬ್ಬೆಟ್ಟು ಚಾಚಬೇಡಿ. ಓದು ಬಂದವರಿಗೆ ಯಾರಿಂದಲೂ ಮೋಸ ಮಾಡಲಾಗುವುದಿಲ್ಲ.” ಚಪ್ಪಾಳೆ ಬಿತ್ತು. ಜವರಮ್ಮ ಕಣ್ಣೊರೆಸಿಕೊಂಡಳು.

ಆ ವರ್ಷ ಸರ್ಕಾರ ರೈತರಿಂದ ಧಾನ್ಯ ವಸೂಲು ಮಾಡುತ್ತಿತ್ತು. ಜನ ಅದನ್ನು ಲೆವಿ ಎನ್ನುತ್ತಿದ್ದರು. ಆಷಾಢದಲ್ಲಿ ಬೋರೇಗೌಡ ಅತ್ತಿಗೆಯನ್ನು ಗಾಡಿಯಲ್ಲಿ ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದ. ಲೆವಿಯಲ್ಲಿ ರಿಯಾಯಿತಿ ಕೇಳುವ ಕಾಗದಕ್ಕೆ ಅವಳ ರುಜು ಬೇಕು ಎಂದಿದ್ದ. ತಾಲ್ಲೂಕು ಕಚೇರಿಯ ಆವರಣದಲ್ಲೇ ಪತ್ರ ನೋಂದಾಯಿಸುವ ಕೊಠಡಿಯೂ ಇತ್ತು. ಅವಳಿಗೆ ಅದೆಲ್ಲ ಒಂದೇ ಕಚೇರಿ.

ನೋಂದಣಿಯಲ್ಲಿ ಒಂದು ಕ್ರಮವಿದೆ. ಓದು ಬಾರದವರಾದರೆ ಪತ್ರವನ್ನು ಅವರ ಮುಂದೆ ಗಟ್ಟಿಯಾಗಿ ಓದಿ, ತಿಳಿಸಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಓದು ಬಂದವರಾದರೆ “ಓದಿ ನೋಡಿದ್ದೀರಾ?” ಎಂದು ಕೇಳಿದರೆ ಮುಗಿಯಿತು. ಅವಳನ್ನೂ ಹಾಗೆಯೇ ಕೇಳಿದರು. ಸುತ್ತ ಊರಿನ ನಾಲ್ಕು ಗಂಡಸರಿದ್ದರು. ಜವರಮ್ಮ ಪತ್ರ ಕೈಗೆ ತೆಗೆದುಕೊಂಡು, ಸಾಲಿನ ಮೇಲೆ ಬೆರಳಾಡಿಸಿ, ಪುಟ ತಿರುವಿ ನೋಡಿ, “ಊಂ ಸಾ, ಓದೀನಿ” ಎಂದಳು. ಕೆಳಗೆ ದುಂಡಗೆ ಜವರಮ್ಮ ಎಂದು ಬರೆದಳು.

ಮುಂದಿನ ಮುಂಗಾರಿಗೆ ಬೋರೇಗೌಡ ಅವಳ ಗದ್ದೆಗೆ ತನ್ನ ಬಿತ್ತನೆ ಹಾಕಿದ. ಕೇಳಲು ಹೋದರೆ, “ನೀನೇ ಬರ್ಕೊಟ್ಟಿದೀಯಲ್ಲ ಅತ್ಗೆ, ಇನ್ನೇನ್ ಕೇಳ್ತೀಯಾ?” ಅಂದನಂತೆ. ಅವಳು ಯಾರದೋ ಸಹಾಯದಿಂದ ಪತ್ರದ ನಕಲು ತೆಗೆಸಿ ಮಧ್ಯಾಹ್ನ ನೇರವಾಗಿ ಜಗಲಿಗೆ ಬಂದಳು.

“ಇದ್ರಲ್ಲಿ ಏನ್ ಬರ್ದವ್ರೆ, ವಸಿ ಓದೇಳಿ ಮೇಷ್ಟ್ರಮ್ಮ.”

ಅದು ಮೋಡಿ ಬರಹ. ಲೇಖನಿ ಎತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಎಳೆದುಕೊಂಡು ಹೋಗುವ ಪತ್ರ ಬರೆಯುವವರ ಕೈ. ನಾನೇ ಎರಡೆರಡು ಸಲ ನೋಡಿ ಬಿಡಿಸಿಕೊಂಡೆ. ಹಕ್ಕು ಬಿಡುಗಡೆ ಪತ್ರ. ಗದ್ದೆ ಮತ್ತು ಮನೆಯ ಮೇಲಿನ ಹಕ್ಕನ್ನೆಲ್ಲ ಮೈದುನನಿಗೆ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ, ಈ ಪತ್ರವನ್ನು ನಾನೇ ಓದಿ ಒಪ್ಪಿ ರುಜು ಮಾಡಿದ್ದೇನೆ. ಓದಿ ಹೇಳಿದೆ. ಅವಳು ಜಗಲಿಯ ಕಂಬ ಹಿಡಿದು ಕೂತುಬಿಟ್ಟಳು.

“ಓದೀನಿ ಅಂತ ಯಾಕೆ ಹೇಳಿದಿರಿ ಜವರಮ್ಮ?” ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

“ನೀವೇ ತಾನೆ ಏಳಿದ್ದು, ಯಾರ್ ಮುಂದೇನೂ ಬರಲ್ಲ ಅನ್ಬ್ಯಾಡ ಅಂತ.”

ಪತ್ರವನ್ನು ಮಡಿಸಿ ಅವಳ ಕೈಗೆ ಕೊಟ್ಟೆ. ಹಾಸನದ ಕೋರ್ಟಿನಲ್ಲಿ ದಾವೆ ಹೂಡುವುದೆಂದಾಯಿತು. ಅವಳು ಹೊರಡುವಾಗ, “ಈ ಕಾಗ್ದ ನಂಗ್ ಓದಕ್ ಬರಕಿಲ್ಲ ಅಂತ ಬಂದ್ ಏಳ್ತೀರಾ?” ಎಂದಳು. ಹೇಳುತ್ತೇನೆ ಎಂದೆ. ಆ ಹೊತ್ತಿಗೆ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಕೋರ್ಟಿನ ಸಮನ್ಸು ಬಂದದ್ದು ಮಾತ್ರ ಬೋರೇಗೌಡನ ಕಡೆಯಿಂದ. ರಿಜಿಸ್ಟರು ಮತ್ತು ಪಾಠಪುಸ್ತಕ ತೆಗೆದುಕೊಂಡು ಸಾಕ್ಷಿಗೆ ಹಾಜರಾಗಬೇಕು. ನನ್ನ ಷರಾ ಅವರ ವಕೀಲರಿಗೆ ತಲುಪಿತ್ತು. ನಾನು ಯಾರನ್ನೂ ಕೇಳಲಿಲ್ಲ, ಯಾರೂ ನನ್ನನ್ನು ಬೆದರಿಸಲಿಲ್ಲ. ನಾನೇ ಕೂತು ಲೆಕ್ಕ ಹಾಕಿದೆ. ಖಾಯಂ ಆಗುವ ಆಜ್ಞೆ ಇನ್ನೊಂದು ತಿಂಗಳಲ್ಲಿ ಬರಬೇಕು. ಷರಾ ಸುಳ್ಳು ಎಂದು ಕೋರ್ಟಿನಲ್ಲಿ ಒಪ್ಪಿಕೊಂಡರೆ ಅದು ಬರುವುದಿಲ್ಲ. ಸುಳ್ಳನ್ನೂ ಹೇಳಬಾರದು, ನಿಜದಿಂದ ಮುಳುಗಲೂ ಬಾರದು, ನಡುವೆ ಏನಾದರೂ ದಾರಿಯಿದ್ದೀತು ಎಂದು ಹುಡುಕತೊಡಗಿದೆ. ಹಾಗೆ ಹುಡುಕುವವರಿಗೆ ದಾರಿ ಸಿಕ್ಕೇ ಸಿಗುತ್ತದೆ.

೧೯೪೫ರ ಕೊನೆಯಲ್ಲಿ ವಿಚಾರಣೆ. ಹೊಳೆನರಸೀಪುರದಿಂದ ಬೆಳಗಿನ ರೈಲಿನಲ್ಲಿ ಜವರಮ್ಮನೂ ನಾನೂ ಒಂದೇ ಡಬ್ಬಿಯಲ್ಲಿ ಹಾಸನಕ್ಕೆ ಹೋದೆವು. ಅವಳು ರೊಟ್ಟಿ ಕಟ್ಟಿಕೊಂಡು ಬಂದಿದ್ದಳು, ಅರ್ಧ ನನಗೆ ಕೊಟ್ಟಳು. ತಿಂದೆ.

ಸಾಕ್ಷಿಕಟ್ಟೆ ಹತ್ತಿದ ಮೇಲೆ ಬೋರೇಗೌಡನ ವಕೀಲರು ರಿಜಿಸ್ಟರು ತೋರಿಸಿದರು.

“ಈ ಷರಾ ಮತ್ತು ರುಜು ತಮ್ಮದೇ?”

“ಹೌದು.”

“ಸರಾಗ ಎಂದರೆ ಏನು?”

“ತಡೆಯಿಲ್ಲದೆ.”

ಜವರಮ್ಮನ ವಕೀಲರು ವಯಸ್ಸಾದವರು, ಒಳ್ಳೆಯವರು. ನಾನು ಸಾಕ್ಷಿಕಟ್ಟೆ ಹತ್ತುವುದಕ್ಕೆ ಮೊದಲೇ ಅವರು ಕೋರ್ಟಿನ ಮುಂದೆ ಪತ್ರವನ್ನು ಅವಳ ಕೈಯಲ್ಲಿ ಓದಿಸಲು ನೋಡಿದ್ದರಂತೆ. ಅವಳಿಗೆ ಒಂದಕ್ಷರವೂ ಬಂದಿರಲಿಲ್ಲ. ಎದುರಿನ ವಕೀಲರು ಎದ್ದು, ಓದಲು ಬಾರದು ಎಂದು ಯಾರು ಬೇಕಾದರೂ ನಟಿಸಬಹುದು, ಬರುತ್ತದೆ ಎಂದು ನಟಿಸಲು ಯಾರಿಂದಲೂ ಆಗದು ಎಂದು ವಾದಿಸಿದ್ದರಂತೆ. ಈಗ ಆ ಹಿರಿಯರು ನನ್ನ ಕಡೆ ತಿರುಗಿದರು.

“ನೀವೇ ಕಲಿಸಿದವರು. ಕೈಬರಹದ ಇಂಥ ಪತ್ರವನ್ನು ಈಕೆ ಓದಬಲ್ಲಳೇ?”

ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಜವರಮ್ಮ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

“ಹೇಳಲಾರೆ” ಎಂದೆ.

ಅದೇ ನಾನು ಹುಡುಕಿ ಇಟ್ಟುಕೊಂಡಿದ್ದ ದಾರಿ. ಹಿರಿಯರು ಒಂದು ಕ್ಷಣ ನನ್ನ ಮುಖ ನೋಡಿ ಕೂತರು. ನ್ಯಾಯಾಧೀಶರು, ಹಾಗಾದರೆ ಈಕೆಯ ಓದನ್ನು ಸಾಕ್ಷಿಯ ಎದುರಿಗೇ ನೋಡೋಣ ಎಂದು ಜವರಮ್ಮನನ್ನು ಮತ್ತೆ ಕರೆಸಿದರು. ಬೋರೇಗೌಡನ ವಕೀಲರು ನನ್ನನ್ನು ಕೇಳಿದರು, ಪರೀಕ್ಷೆಯಲ್ಲಿ ಓದಿದ್ದು ಯಾವ ಪಾಠ ಎಂದು. ಏಳನೆಯದು ಎಂದೆ. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಪುಟ ತೆರೆದು ಅವಳ ಕೈಗಿತ್ತರು. ಆಗ ನೋಡಿದೆ. ನಾನು ತಂದಿದ್ದು ಆಡು ತಿಂದಿದ್ದ ಪುಸ್ತಕ.

ಅವಳು ಸೆರಗು ಸರಿಮಾಡಿಕೊಂಡು, ನಮ್ಮ ಜಗಲಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ ನಿಂತಳು. ಮಳೆ ಬಂತು. ಕೆರೆ ತುಂಬಿತು. ಎತ್ತು ಬಂತು. ನೇಗಿಲು ಬಂತು. ಪ್ರತಿ ಸಾಲಿನ ಕೊನೆಗೂ ಧಾಟಿ ಇಷ್ಟೇ ಇಷ್ಟು ಏಳುತ್ತಿತ್ತು. ಅದು ನನ್ನೊಬ್ಬಳ ಕಿವಿಗೆ ಮಾತ್ರ ತಿಳಿಯುವಂಥದ್ದು. ಆಮೇಲೆ ಬೆರಳನ್ನು ಹರಿದ ಅಂಚಿನ ಮೇಲೆ, ಏನೂ ಇಲ್ಲದ ಕಡೆ ಇಟ್ಟು, ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದಳು.

“ಗದ್ದೆ ನಮ್ಮದು.”

ಕೋರ್ಟಿನಲ್ಲಿ ಕೂತಿದ್ದವರು ನಕ್ಕರು. ಹೆಂಗಸು ಓದುವ ನೆಪದಲ್ಲಿ ತನ್ನ ತಕರಾರನ್ನೇ ಹೇಳಿದಳು ಎಂದುಕೊಂಡರೋ, ಪಾಠವೇ ಹಾಗಿದೆ ಎಂದುಕೊಂಡರೋ. ವಕೀಲರು ಪುಸ್ತಕ ಹಿಂದಕ್ಕೆ ತೆಗೆದುಕೊಂಡು ಮುಚ್ಚಿದರು. ಆ ಸಾಲು ಆ ಪುಟದಲ್ಲಿ ಇಲ್ಲ, ಈಕೆ ಓದುತ್ತಿಲ್ಲ, ಸ್ವಾಮಿ, ಪುಟ ನೋಡಿ ಎಂದು ಕೂಗಿದ್ದರೆ ಆ ಕ್ಷಣಕ್ಕೇ ಅವಳ ಗದ್ದೆ ಅವಳಿಗೆ ಉಳಿಯುತ್ತಿತ್ತು. ಅಂಥ ಸಾಕ್ಷ್ಯ ಇನ್ಯಾರ ಬಳಿಯೂ ಇರಲಿಲ್ಲ. ನನ್ನ ನಾಲಗೆಯ ಮೇಲೆ ಆ ಮಾತು ಬಂದಿತ್ತು. ಚನ್ನರಾಯಪಟ್ಟಣದ ಮನೆ ಕಣ್ಣ ಮುಂದೆ ಬಂತು. ಇಳಿಯಬಹುದು ಎಂದರು, ಇಳಿದೆ.

ಮಧ್ಯಾಹ್ನದ ರೈಲಿನಲ್ಲಿ ವಾಪಸಾದೆವು. ಮೊಸಳೆ ಸ್ಟೇಷನ್ ದಾಟುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅಳು ತಡೆಯಲಾಗಲಿಲ್ಲ. ಜವರಮ್ಮ ನನ್ನ ಬೆನ್ನು ಸವರಿದಳು.

“ಯಾಕಳ್ತೀರಿ ಮೇಷ್ಟ್ರಮ್ಮ? ಒಂದಕ್ಸರಾನೂ ತಪ್ಪಲಿಲ್ಲ ನಾನು. ಓದಕ್ ಬರೋಳ್ ಮಾತ್ನ ಸಾಯೇಬ್ರು ನಂಬೇ ನಂಬ್ತಾರೆ, ಅಲ್ವಾ?”

ಆಗಲೂ ಹೇಳಲಿಲ್ಲ. ಅವಳು ಗೆಲ್ಲುತ್ತೇನೆಂದೇ ನಂಬಿ ನಾಲ್ಕು ಮೈಲಿ ನನ್ನ ಜೊತೆ ನಡೆದಳು.

ಆ ತಿಂಗಳ ಕೊನೆಗೆ ಎರಡು ಕಾಗದ ಬಂದವು. ಮೊದಲನೆಯದು ನನ್ನನ್ನು ಖಾಯಂ ಮಾಡಿದ ಆಜ್ಞೆ. ಎರಡನೆಯದು ತೀರ್ಪು, ಅವಳ ದಾವೆ ವಜಾ. ನಾಲ್ಕು ಸಾಲಿನ ಒಂದು ಭಾಗದಲ್ಲಿ ನನ್ನ ಸಾಕ್ಷ್ಯದ ಉಲ್ಲೇಖವಿತ್ತು. ನ್ಯಾಯಾಧೀಶರನ್ನು ದೂರುವುದಕ್ಕೆ ಏನೂ ಇಲ್ಲ. ಅವರ ಮುಂದೆ ಇಟ್ಟದ್ದನ್ನು ಅವರು ನೋಡಿದರು.

ಜವರಮ್ಮ ಮನೆ ಬಿಟ್ಟು, ಊರ ಹೊರಗೆ ಒಬ್ಬರ ಕೊಟ್ಟಿಗೆಯ ಒತ್ತಿನಲ್ಲಿ ಇದ್ದಳು. ತಾನು ಉಣ್ಣುತ್ತಿದ್ದ ಗದ್ದೆಯಲ್ಲೇ ನಾಟಿಯ ಕೂಲಿಗೆ ಹೋದಳು. ತರಗತಿಗೆ ಮತ್ತೆ ಬರಲಿಲ್ಲ. ಉಳಿದ ಹತ್ತು ಜನವೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಅಕ್ಷರ ಕಲಿತರೆ ಆಸ್ತಿ ಹೋಗುತ್ತದಂತೆ ಎಂಬ ಮಾತು ಸುತ್ತಲ ಹಳ್ಳಿಗಳಿಗೂ ಹಬ್ಬಿತು. ಅದನ್ನು ಅಲ್ಲಗಳೆಯಲು ಹೊರಟು ಅರ್ಧ ದಾರಿಯಿಂದಲೇ ಹಿಂದಿರುಗುತ್ತಿದ್ದೆ. ಆರು ತಿಂಗಳಲ್ಲಿ ಕೇಂದ್ರ ಮುಚ್ಚಿತು.

ಮುಚ್ಚುವ ಮುಂಚೆ ರೇಷನ್ ಕಾರ್ಡು ಹಂಚುವ ಕೆಲಸ ನಮ್ಮಂಥವರ ಪಾಲಿಗೆ ಬಂತು. ಅದೇ ಜಗಲಿಯಲ್ಲಿ ಮೇಜು ಹಾಕಿ ಕೂತಿದ್ದೆ. ಸಾಲಿನಲ್ಲಿ ಜವರಮ್ಮ ಬಂದಳು. ಸೊರಗಿದ್ದಳು. ನಾನು ಲೇಖನಿ ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟದೆ ಎಡಗೈ ಹೆಬ್ಬೆರಳು ಚಾಚಿದಳು.

“ರುಜು ಬರುತ್ತಲ್ಲ ಜವರಮ್ಮ,” ಎಂದೆ.

“ಬ್ಯಾಡ ಕಣವ್ವ. ಎಬ್ಬೆಟ್ ಒತ್ತೋರ್ಗಾದ್ರೆ ಓದಿ ಏಳ್ತಾರೆ.”

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಿದ್ದರೆ ನಾನು ಆವತ್ತೇ ಎಲ್ಲವನ್ನೂ ಹೇಳಿ ಅವಳ ಕಾಲು ಹಿಡಿಯುತ್ತಿದ್ದೆನೇನೋ. ಕಾರ್ಡಿನಲ್ಲಿ ಇದ್ದುದನ್ನು ಮೊದಲಿಂದ ಕೊನೆಯವರೆಗೆ ಅವಳಿಗೆ ಓದಿ ಹೇಳಿದೆ. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡು ಹೆಬ್ಬೆಟ್ಟು ಒತ್ತಿದಳು.

ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದೆ. ಕಲಿತದ್ದು ಇಷ್ಟು. ಹೊಸಬರಿಗೆ ಮೊದಲು ಹೆಸರು ಬರೆಯುವುದನ್ನು ಕಲಿಸಬಾರದು. ಓದಲು ಬರುವುದಕ್ಕೆ ಮುಂಚೆ ಬಂದ ರುಜು ಅವರನ್ನು ಬೇರೆಯವರ ಕೈಗೆ ಒಪ್ಪಿಸುತ್ತದೆ. ನನ್ನ ತರಗತಿಗಳಲ್ಲಿ ಯಾರನ್ನಾದರೂ ತೇರ್ಗಡೆ ಮಾಡಬೇಕಾದರೆ, ಅವರು ಎಂದೂ ನೋಡಿರದ ನಾಲ್ಕು ಸಾಲನ್ನು ಅಲ್ಲೇ ಕೂತು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಓದಲಾಗದಿದ್ದರೆ ‘ಇನ್ನೂ ಬಾರದು’ ಎಂದು ಬರೆಯುತ್ತಿದ್ದೆ. ನನ್ನ ಕೇಂದ್ರಗಳ ಎಣಿಕೆ ಯಾವಾಗಲೂ ಕಡಿಮೆ ಎಂದು ಮೇಲಿನವರು ಗೊಣಗಿದರು, ಗೊಣಗಲಿ ಎಂದು ಬಿಟ್ಟೆ. ಕಲಿಯುವವಳು ‘ನನಗೆ ಬರಲ್ಲ’ ಅನ್ನಲು ನಾಚದಂತೆ ನೋಡಿಕೊಳ್ಳುವುದೇ ಶಿಕ್ಷಕಿಯ ಮೊದಲ ಕೆಲಸ. ನಾನು ಅದರ ತದ್ವಿರುದ್ಧವನ್ನು ಚಪ್ಪಾಳೆಯ ನಡುವೆ ಹೇಳಿಕೊಟ್ಟಿದ್ದೆ.

ನಿವೃತ್ತಿಯಾದ ವರ್ಷ ಆ ಹಳ್ಳಿಗೆ ಹೋದೆ. ಅವಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳಿದ್ದ ಮನೆಯನ್ನು ಬೋರೇಗೌಡನ ಕಡೆಯವರು ಹುಲ್ಲು ತುಂಬಲು ಬಿಟ್ಟಿದ್ದರು. ಹಿತ್ತಿಲಲ್ಲಿ ಒರಳುಕಲ್ಲು ಇನ್ನೂ ಇತ್ತು. ಸೀಮೆಸುಣ್ಣ ಎಂದೋ ಮಳೆಗೆ ತೊಳೆದುಹೋಗಿರಬೇಕು. ಆದರೂ ಬಗ್ಗಿ ನೋಡಿದೆ.